ಪರ್ವಾ ಇಜ್ಜಿ ಎಂದರೆ ಎಂತ?

ಬ್ಯಾಂಕಿನ ಕೆಲಸ ಬೇಡವೆಂದ ಹುಡುಗಿಯನ್ನು ಕೊಟ್ಟಾರದವರು ಅದುವರೆಗೆ ಕಂಡಿರಲಿಲ್ಲ. ಮಂಗಳೂರಿನಲ್ಲಿ ಡಿಗ್ರಿ ಮುಗಿಸಿದ ಮಕ್ಕಳನ್ನು ಕಂಡರೆ ‘ಎಷ್ಟು ಮಾರ್ಕು’ ಎಂದು ಕೇಳುವ ಮೊದಲೇ ‘ಯಾವ ಬ್ಯಾಂಕು’ ಎಂದು ಕೇಳುತ್ತಿದ್ದ ಕಾಲ ಅದು. ಎಂಬತ್ತಮೂರನೆಯ ಇಸವಿಯ ಒಂದು ಮಧ್ಯಾಹ್ನ ವಿನೋದಾ ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತ, "ಸೋಮವಾರದ ಇಂಟರ್‌ವ್ಯೂಗೆ ನಾನು ಹೋಗುವುದಿಲ್ಲ" ಎಂದಾಗ ಅವಳ ತಾಯಿ ಆಶಾಲತಾಳ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು.

"ಎಂತ ಹೇಳಿದಿ?" ಎಂದ ಸುಂದರ ಮಾವ.

ಸುಂದರ ಆಶಾಲತಾಳ ಅಣ್ಣ. ಗೇಣಿ ಬರುತ್ತಿದ್ದ ಗದ್ದೆಗಳೆಲ್ಲ ಭೂಸುಧಾರಣೆಯಲ್ಲಿ ಹೋದ ಮೇಲೆ ಪಂಪ್‌ವೆಲ್ಲಿನಲ್ಲಿ ಹೋಟೆಲು ಹಾಕಿ ಮನೆಯನ್ನು ನಿಲ್ಲಿಸಿದವನು. ವಿನೋದಾಳ ತಂದೆ ಬೊಂಬಾಯಿಯಲ್ಲಿ ಇನ್ನೊಬ್ಬರ ಹೋಟೆಲಿನ ಮ್ಯಾನೇಜರು. ವರ್ಷಕ್ಕೊಮ್ಮೆ ಹಲ್ವದ ಪೊಟ್ಟಣದೊಂದಿಗೆ ಬಂದು ಹೋಗುವವರು. ಬಂಟರ ಮನೆಯಲ್ಲಿ ಹೇಗೂ ಸೋದರಮಾವನ ಮಾತಿಗೆ ತೂಕ ಹೆಚ್ಚು. ಇಲ್ಲಿ ಅಕ್ಕಿ ತರುವವನೂ ಅವನೇ ಆದ್ದರಿಂದ ಆ ತೂಕಕ್ಕೆ ಇನ್ನೊಂದು ಕಲ್ಲು ಸೇರಿತ್ತು.

"ಆಸ್ಪತ್ರೆಯಲ್ಲಿ ಒಂದು ಕೆಲಸ ಉಂಟು ಮಾವ. ಗಂಟುನೋವಿಗೆ ಹೊಸ ಗುಳಿಗೆ ಬಂದಿದೆ. ಅದು ನಾಟುತ್ತದಾ ಇಲ್ವಾ ಅಂತ ರೋಗಿಗಳನ್ನು ಕೇಳಿ ನೋಡುವ ಕೆಲಸ."

"ನರ್ಸಾ?"

"ಅಲ್ಲ."

"ಕಂಪೌಂಡರಾ?"

"ಅಲ್ಲ. ರಿಸರ್ಚ್ ಅಸಿಸ್ಟೆಂಟ್ ಅಂತ."

"ಅಂದರೆ ಇಲಿಯ ಮೇಲೆ ಮಾಡುವುದನ್ನು ಮನುಷ್ಯರ ಮೇಲೆ ಮಾಡುವುದು!"

"ಇಲಿಯ ಮೇಲೆ ಮಾಡಿ ಆಗಿದೆ ಮಾವ."

"ಪರ್ಮನೆಂಟಾ?"

ವಿನೋದಾ ತಟ್ಟೆ ನೋಡಿದಳು. "ಅಲ್ಲ. ಅನುಭವ ಇದ್ದವರು ಬೇಕು ಅಂತ ಬೇರೆ ಹಾಕಿದ್ದಾರೆ. ಆದರೂ ಕೇಳಿ ಬರ್ತೇನೆ."

"ಕೇಳಿದೆಯಾ ಆಶಾ? ಸಿಕ್ಕಿದ್ದನ್ನು ಬಿಟ್ಟು ಸಿಕ್ಕದ್ದಕ್ಕೆ ಹೋಗ್ತಾಳಂತೆ. ನಾನು ಹೋಟೆಲಿನ ಗಲ್ಲೆಯಲ್ಲಿ ಕೂತು ಬಂದವರಿಗೆಲ್ಲ ಸೊಸೆಗೆ ಬ್ಯಾಂಕಾಯ್ತು ಅಂತ ಹೇಳಿ ಆಗಿದೆ."

"ನೀವು ಯಾಕೆ ಹೇಳ್ಲಿಕ್ಕೆ ಹೋದದ್ದು ಅಣ್ಣ?" ಎಂದಳು ಆಶಾಲತಾ. ಅಣ್ಣನ ಮೇಲಿನ ಸಿಟ್ಟನ್ನು ಕೂಡಲೇ ಮಗಳ ಕಡೆಗೆ ತಿರುಗಿಸಿದಳು. "ನಿನಗೂ ತಲೆ ಸರಿ ಉಂಟಾ?"

ಆಗ ಅಡುಗೆಮನೆಯ ಒಳಗಿನಿಂದ ಅಜ್ಜಿಯ ಸ್ವರ ಕೇಳಿತು. "ಪರ್ವಾ ಇಜ್ಜಿ. ಹೋಗಿ ಬರಲಿ."

ಸುಂದರ, ಆಶಾಲತಾ ಇಬ್ಬರ ತಾಯಿ ಉಮಾವತಿಯಮ್ಮ ಆ ಮನೆಯ ಯಜಮಾನಿ. ಪರ್ವಾ ಇಜ್ಜಿ ಎಂದರೆ ತುಳುವಿನಲ್ಲಿ ಪರವಾಗಿಲ್ಲ, ಅಡ್ಡಿಯಿಲ್ಲ. ಉಮಾವತಿಯಮ್ಮನ ಬಾಯಲ್ಲಿ ಅದಕ್ಕೆ ಅಷ್ಟೇ ಅರ್ಥವೆಂದು ಹೇಳಲಾಗದು. ಗಂಡ ತೀರಿಕೊಂಡಾಗ ಸಮಾಧಾನ ಹೇಳಲು ಬಂದವರಿಗೆ ಅವರೇ ಪರ್ವಾ ಇಜ್ಜಿ ಎಂದು ಸಮಾಧಾನ ಹೇಳಿ ಕಳಿಸಿದ್ದರು. ಗದ್ದೆ ಹೋದಾಗಲೂ ಅದೇ ಮಾತು, ಸಾರಿಗೆ ಉಪ್ಪು ಹೆಚ್ಚಾದಾಗಲೂ ಅದೇ ಮಾತು. ಸುಂದರ ಹೊರಗೆ ಹುಲಿಯಾದರೂ ತಾಯಿಯ ಈ ಒಂದು ಮಾತಿನ ಮುಂದೆ ಬಾಲ ಮಡಚುತ್ತಿದ್ದ. ಮಜ್ಜಿಗೆ ಕುಡಿದು ಎದ್ದುಹೋದ.

ಆಸ್ಪತ್ರೆಯಲ್ಲಿ ಡಾಕ್ಟರ್ ಪಿಯುಸ್ ಅವಳ ಸರ್ಟಿಫಿಕೇಟು ನೋಡಿದರು. ಒಣಕಲು ದೇಹದ, ನಗಲು ಪುರಸೊತ್ತಿಲ್ಲದ ಮನುಷ್ಯ.

"ಬಿ.ಎಸ್ಸಿ. ಕೆಮಿಸ್ಟ್ರಿ. ಒಳ್ಳೆಯದು. ಅನುಭವ?"

"ಇಲ್ಲ ಸರ್."

"ಅನುಭವ ಇದ್ದವರೇ ಬೇಕು ಅಂತ ಹಾಕಿದ್ದೇವಲ್ಲ."

"ಈ ಕೆಲಸ ಮಂಗಳೂರಿನಲ್ಲಿ ಮೊದಲು ಎಲ್ಲಾದರೂ ಆಗಿದೆಯಾ ಸರ್?"

"ನನಗೆ ಗೊತ್ತಿದ್ದ ಹಾಗೆ ಇಲ್ಲ."

"ಹಾಗಾದರೆ ಅನುಭವ ಇದ್ದವರು ಎಲ್ಲಿಂದ ಬರ್ತಾರೆ ಸರ್?"

ಅವಳು ಕೇಳಿದ್ದು ಜಾಣತನ ತೋರಿಸಲಿಕ್ಕಲ್ಲ, ನಿಜವಾಗಿಯೂ ತಿಳಿಯಬೇಕೆಂದು. ಪಕ್ಕದಲ್ಲಿದ್ದ ಹಿರಿಯ ನರ್ಸ್ ಎಸ್ತೆರ್ ಬಾಯಿಗೆ ಕೈ ಅಡ್ಡ ಹಿಡಿದರು. ಡಾಕ್ಟರರು ಕನ್ನಡಕ ತೆಗೆದು ಒರೆಸಿದರು.

"ಕೆಲವು ತಿಂಗಳು ನೋಡುವ. ಆಮೇಲೆ ಬೊಂಬಾಯಿಯಿಂದ ಕಂಪೆನಿಯವರು ಬರ್ತಾರೆ, ಕೆಲಸ ಒಪ್ಪಿಗೆಯಾದರೆ ಮುಂದಿನ ಮದ್ದೂ ನಮಗೆ ಸಿಗ್ತದೆ, ನಿಮಗೂ ಕೆಲಸ ಇರ್ತದೆ. ಇಲ್ಲದಿದ್ದರೆ ಇಲ್ಲ. ಕಲಿಯಬೇಕಾದ್ದು ಒಂದೇ. ರೋಗಿ ಹೇಳಿದ್ದನ್ನು ಬರೆಯಬೇಕು. ನಮಗೆ ಬೇಕಾದ್ದನ್ನಲ್ಲ."

ಅದೆಂತ ದೊಡ್ಡ ಸಂಗತಿ ಎಂದುಕೊಂಡು ವಿನೋದಾ ಖುಷಿಯಿಂದ ಬಸ್ಸು ಹತ್ತಿದಳು.

ಕೆಲಸದ ಬಗೆ ಗೊತ್ತಾದಾಗ ಮನೆಯಲ್ಲಿ ಇನ್ನೊಂದು ಜಗಳವಾಯಿತು. ಅರ್ಧ ರೋಗಿಗಳಿಗೆ ನಿಜವಾದ ಮದ್ದು, ಇನ್ನರ್ಧಕ್ಕೆ ಅದರಂತೆಯೇ ಕಾಣುವ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ.

"ಹಿಟ್ಟು ಕೊಟ್ಟು ಮದ್ದು ಅನ್ನುವುದಾ?" ಸುಂದರ ನೀರ್‌ದೋಸೆ ಹರಿಯುವುದನ್ನೇ ನಿಲ್ಲಿಸಿದ. "ನನ್ನ ಹೋಟೆಲಿನಲ್ಲಿ ಹಾಗೆ ಮಾಡಿದರೆ ಜನ ಕಲ್ಲು ಹೊಡೀತಾರೆ."

"ಮೊದಲೇ ಹೇಳಿ, ಒಪ್ಪಿದವರಿಗೆ ಮಾತ್ರ ಕೊಡುವುದು ಮಾವ. ಗುಳಿಗೆ ನುಂಗಿದ ಸಮಾಧಾನಕ್ಕೇ ಅರ್ಧ ಜನರಿಗೆ ಗುಣ ಆಗ್ತದಂತೆ. ಆ ಸಮಾಧಾನ ಎಷ್ಟು, ಮದ್ದು ಎಷ್ಟು ಅಂತ ಬೇರೆ ಮಾಡಲಿಕ್ಕೆ."

"ಅದು ನಿಜವೇ," ಎಂದಳು ಆಶಾಲತಾ ಇನ್ನೊಂದು ದೋಸೆ ಹಾಕುತ್ತ. "ಅಣ್ಣನಿಗೆ ತಲೆನೋವಿನ ಗುಳಿಗೆ ಬಾಯಿಗೆ ಹಾಕುವ ಮೊದಲೇ ಕಡಿಮೆ ಆಗ್ತದೆ."

ಅಜ್ಜಿ ನಕ್ಕರು. ಸುಂದರ ನಗಲಿಲ್ಲ, ಆದರೆ ಮತ್ತೆರಡು ದೋಸೆ ತಿಂದ.

ನಿಜವಾದ ತೊಡಕು ಬೇರೆ ಕಡೆ ಇತ್ತು. ರೋಗಿಗಳು ವಾರಕ್ಕೊಮ್ಮೆ ಬಂದು ಬೆಂಚಿನಲ್ಲಿ ಕೂರುತ್ತಿದ್ದರು. ಹೆಚ್ಚಿನವರು ವಯಸ್ಸಾದ ಹೆಂಗಸರು. ‘ನೋವು ಹೇಗುಂಟು’ ಎಂದರೆ ಎಲ್ಲರದೂ ಒಂದೇ ಉತ್ತರ: ಪರ್ವಾ ಇಜ್ಜಿ. ಕುಂಟುತ್ತ ಬಂದವಳೂ ಅದೇ ಅನ್ನುತ್ತಿದ್ದಳು, ನೆಟ್ಟಗೆ ಬಂದವಳೂ ಅದೇ.

"ಪರ್ವಾ ಇಜ್ಜಿ ಅಂದರೆ ಎಂತ?" ಡಾಕ್ಟರರಿಗೆ ರೇಗಿತು. "ಗುಣವಾ, ಅಲ್ವಾ? ಇದನ್ನು ಯಾವ ಕಾಲಂನಲ್ಲಿ ಹಾಕುವುದು?" ಆಮೇಲೆ ಅವರೇ ತಣ್ಣಗಾಗಿ ಹೇಳಿದರು, "ಅವರನ್ನು ಬೈದು ಫಲ ಇಲ್ಲ. ನನ್ನ ಅಮ್ಮ ಕೊನೆಯ ದಿನವೂ ‘ಕಾಂಯ್ ನಾ ಪುತಾ’ ಅಂದದ್ದು. ಏನೂ ಇಲ್ಲ ಮಗನೇ ಅಂತ. ನಾನು ಡಾಕ್ಟರಾಗಿಯೂ ನಂಬಿದೆ."

ಮರುದಿನ ಬೆಳಿಗ್ಗೆ ಅವಳು ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಅಜ್ಜಿ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಮುಗಿಯಿತು. ಕೈ ಒರೆಸಿಕೊಂಡರು, ಎಡಗೈಯನ್ನು ಗೋಡೆಗೆ ಊರಿದರು. ಆಮೇಲೆ ಬೆಕ್ಕಿಗೆ, "ಹೋಗಾ, ನಿನ್ನ ಹಾಳಾದ ಮೂತಿಗೆ!" ಎಂದು ಗದರುತ್ತ ಎದ್ದರು. ಬೆಕ್ಕು ಅಂಗಳದಲ್ಲಿ ಮಲಗಿತ್ತು.

ವಿನೋದಾ ಚಹಾ ಕೆಳಗಿಟ್ಟಳು. ಎಷ್ಟೋ ವರ್ಷಗಳಿಂದ ಅಜ್ಜಿ ಏಳುವಾಗಲೆಲ್ಲ ಹೀಗೆ ಬೆಕ್ಕಿಗೋ ಕಾಗೆಗೋ ಬೈಯುವುದನ್ನು ಕೇಳಿದ್ದಳು. ನರಳಿಕೆ ಆ ಬೈಗಳ ಒಳಗೆ ಅಡಗಿ ಹೋಗುತ್ತಿತ್ತು.

"ಅಜ್ಜಿ, ಗಂಟು ನೋವುಂಟಾ?"

"ಸ್ವಲ್ಪ ಹಿಡೀತದೆ. ಪರ್ವಾ ಇಜ್ಜಿ."

"ಕದ್ರಿ ದೇವಸ್ಥಾನಕ್ಕೆ ಈಗ ಯಾಕೆ ಹೋಗುವುದಿಲ್ಲ ನೀವು?"

"ದೇವರು ಮನೆಯಲ್ಲೂ ಇದ್ದಾನಲ್ಲ ಬಾಲೆ," ಎಂದು ಅಜ್ಜಿ ತೆಂಗಿನ ತುರಿ ಎತ್ತಿಕೊಂಡು ಹೋದರು.

ಆ ವಾರ ಅವಳು ಬೆಂಚಿನಲ್ಲಿದ್ದವರ ನಡುವೆಯೇ ಹೋಗಿ ಕೂತಳು. ನೋವಿನ ಮಾತೆತ್ತಲಿಲ್ಲ. ಬಂದರಿನ ಕಡೆಯ ಬೀಫಾತಿಮ್ಮನೊಡನೆ ಕೇಳಿದಳು, "ನಿಮ್ಮ ಮನೆಯಲ್ಲಿ ಕಾಯಿ ತುರಿಯುವುದು ಯಾರು?"

"ಮೊದಲು ನಾನೇ. ಈಗ ಸೊಸೆ."

"ಯಾವಾಗಿನಿಂದ?"

"ಕಳೆದ ರಂಜಾನಿನ ನೋಂಬಿನಿಂದ. ಕೂತರೆ ಏಳಲಿಕ್ಕೆ ಆಗುವುದಿಲ್ಲ ಮಗಳೇ."

ಕೇಳಿದ್ದು ಅಡುಗೆಯ ಸುದ್ದಿ, ಸಿಕ್ಕಿದ್ದು ಮೊಣಗಂಟಿನ ಸುದ್ದಿ. ತುರಿಮಣೆಯಲ್ಲಿ ಕೂರುತ್ತೀರಾ, ಏಳುವಾಗ ಕೈ ಊರುತ್ತೀರಾ, ಬಾವಿಯಿಂದ ನೀರು ಯಾರು ಸೇದುತ್ತಾರೆ, ಬಸ್ಸು ಹತ್ತುವಾಗ ಮೊದಲು ಯಾವ ಕಾಲು. ಹೀಗೆ ಒಂದೊಂದಾಗಿ ಪ್ರಶ್ನೆಗಳು ಹುಟ್ಟಿದವು. ಡಾಕ್ಟರ್ ಪಿಯುಸ್ ಓದಿ ನೋಡಿ, "ಇದು ಇರಲಿ. ಎಲ್ಲರಿಗೂ ಇದನ್ನೇ ಕೇಳುವ" ಎಂದರು. ಎಸ್ತೆರ್ ಅವಳಿಗೆ ತಮ್ಮ ಡಬ್ಬದಿಂದ ಇಡ್ಲಿಯಂಥ ಸಾನ್ನ ತೆಗೆದು ಕೊಟ್ಟರು. ಬಾರದೆ ಹೋದ ರೋಗಿಗಳನ್ನು ಹುಡುಕಿಕೊಂಡು ವಿನೋದಾ ಊರಿಡೀ ತಿರುಗಿದಳು. ಚಪ್ಪಲಿ ಸವೆಯಿತು, ಮುಖ ಬಿಸಿಲಿಗೆ ಕಪ್ಪಾಯಿತು, ‘ಇವಳಿಗೆ ಗಂಡು ಹುಡುಕುವುದು ಹೇಗೆ’ ಎಂದು ಆಶಾಲತಾ ಗೊಣಗಿದಳು. ಏನೂ ಗೊತ್ತಿಲ್ಲದೆ ಹೋದ ಹುಡುಗಿ ಗೊತ್ತು ಮಾಡಿಕೊಂಡ ರೀತಿ ನೋಡಿದರೆ ಯಾರಿಗಾದರೂ ಮೆಚ್ಚುಗೆಯಾಗಬೇಕು. ಸುಂದರನೂ ಗಲ್ಲೆಯಲ್ಲಿ ಕೂತು, "ನಮ್ಮ ಸೊಸೆ ಮದ್ದಿಗೇ ಪರೀಕ್ಷೆ ಮಾಡುವವಳು" ಎನ್ನತೊಡಗಿದ್ದ. ಮನೆಯಲ್ಲಿ ಮಾತ್ರ ಅನ್ನುತ್ತಿರಲಿಲ್ಲ.

ಅವಳು ಒಂದೇ ತಪ್ಪು ಮಾಡಿದಳು. ಊಟಕ್ಕೆ ಕೂತಾಗ ಈ ಪ್ರಶ್ನೆಗಳನ್ನೆಲ್ಲ ಉತ್ಸಾಹದಿಂದ ಮನೆಯವರಿಗೆ ಒಪ್ಪಿಸಿದಳು. ಯಾವ ಉತ್ತರ ಬಂದರೆ ಗುಣ, ಯಾವುದು ಬಂದರೆ ಇಲ್ಲ ಎನ್ನುವುದನ್ನೂ ಹೇಳಿದಳು. ಅಜ್ಜಿ ಗಂಜಿ ಉಣ್ಣುತ್ತ ಕಿವಿಗೊಟ್ಟು ಕೇಳಿದರು.

"ಎಲ್ಲರಿಗೂ ಗುಣವಾದರೆ ನಿನ್ನ ಕೆಲಸ ಗಟ್ಟಿಯಾ?"

ವಿನೋದಾ ತಟ್ಟೆ ತೊಳೆಯುವ ಗಡಿಬಿಡಿಯಲ್ಲಿದ್ದಳು. "ಆಗಬಹುದು ಅಜ್ಜಿ" ಎಂದುಬಿಟ್ಟಳು.

ಮುಂದಿನ ವಾರ ಬೆಂಚಿನ ತುದಿಯಲ್ಲಿ ಉಮಾವತಿಯಮ್ಮ ಒಳ್ಳೆಯ ಸೀರೆ ಉಟ್ಟು ಕೂತಿದ್ದರು. ಪಕ್ಕದಲ್ಲಿ ಸುಂದರ ಎತ್ತಲೋ ನೋಡುತ್ತ ನಿಂತಿದ್ದ.

"ನಾನು ಎಂತ ಮಾಡುವುದು? ಕರಕೊಂಡು ಹೋಗು ಅಂದರು," ಎಂದ.

ವಿನೋದಾ ಒಳಗೆ ಹೋಗಿ, "ಸರ್, ಅವರು ನನ್ನ ಅಜ್ಜಿ" ಎಂದು ಹೇಳಿಬಿಟ್ಟಳು. ಗಂಟುನೋವು ನಿಜವೇ ಆದ್ದರಿಂದ ಡಾಕ್ಟರರು ಸೇರಿಸಿಕೊಂಡರು. "ಆದರೆ ಅವರನ್ನು ನೀವು ಕೇಳಬಾರದು. ಎಸ್ತೆರ್ ಕೇಳ್ತಾರೆ, ಎಸ್ತೆರ್ ಬರೀತಾರೆ. ನಿಮಗೆ ತೋರಿಸುವುದೂ ಇಲ್ಲ."

ವಾರಗಳು ಕಳೆದವು. ಅಜ್ಜಿ ತಪ್ಪದೆ ಹೋಗುತ್ತಿದ್ದರು, ಬೆಂಚಿನಲ್ಲಿ ಅವರಿಗೆ ಬಳಗವೇ ಆಯಿತು. ಬೀಫಾತಿಮ್ಮನಿಗೆ ಉಪ್ಪಿನಕಾಯಿ ಹೋಯಿತು, ಅಲ್ಲಿಂದ ಒಣಮೀನು ಬಂತು. ಕಂಪೆನಿಯವರು ಬರುವ ದಿನ ಹತ್ತಿರವಾದಾಗ ಎಸ್ತೆರ್ ಸಂತೋಷ ತಡೆಯಲಾರದೆ, "ನಿನ್ನ ಅಜ್ಜಿಯಷ್ಟು ಗುಣ ಯಾರಿಗೂ ಆಗಿಲ್ಲ ಮಾರಾಯ್ತಿ. ಹುಡುಗಿಯ ಹಾಗೆ ಕೂತು ಏಳ್ತಾರಂತೆ" ಎಂದರು.

ವಿನೋದಾಳಿಗೆ ನಗು ಬರಲಿಲ್ಲ. ಆ ಬೆಳಿಗ್ಗೆಯೂ ಅಜ್ಜಿ ಗೋಡೆ ಹಿಡಿದು ಇಲ್ಲದ ಬೆಕ್ಕಿಗೆ ಬೈದಿದ್ದರು.

ಹೊರಗೆ ಬಂದರೆ ಬೀಫಾತಿಮ್ಮ ಅವಳ ಕೈ ಹಿಡಿದುಕೊಂಡರು. "ನಿನಗೆ ಪರ್ಮನೆಂಟ್ ಆಯ್ತಾ ಮಗಳೇ?"

"ಇಲ್ಲವಲ್ಲ. ಯಾರು ಹೇಳಿದ್ದು?"

"ನಿನ್ನ ಅಜ್ಜಿ. ನಾವೆಲ್ಲ ಗುಣ ಉಂಟು ಅಂದರೆ ನಿನ್ನ ಕೆಲಸ ಉಳೀತದೆ ಅಂತ. ನಾವೂ ಹಾಗೇ ಹೇಳ್ತಾ ಇದ್ದೇವೆ. ಕಾಯಿ ನಾನೇ ತುರಿಯುವುದು ಅಂತ." ಆ ತಾಯಿ ಕಣ್ಣು ಮಿಟುಕಿಸಿ ನಕ್ಕರು.

ವಿನೋದಾ ಕೈ ಬಿಡಿಸಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರದೆ ಕೊಟ್ಟಾರದವರೆಗೆ ನಿಂತೇ ಬಂದಳು.

ಮನೆಯಲ್ಲಿ ಎಲ್ಲರೂ ಗಂಜಿಗೆ ಕೂತಿದ್ದರು.

"ಅಜ್ಜಿ, ನೀವು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದಿರಾ?"

"ಸುಳ್ಳೆಂತದು? ಸ್ವಲ್ಪ ಹೆಚ್ಚು ಹೇಳಿದ್ದು."

"ಉಳಿದವರಿಗೂ ಹೇಳಿಕೊಟ್ಟಿದ್ದೀರಿ."

"ಪ್ರಾಯಕ್ಕೆ ಬಂದ ಹುಡುಗಿ ಬಿಸಿಲಲ್ಲಿ ಸುತ್ತಿ ಸುತ್ತಿ ಕಡೆಗೆ ಕೆಲಸ ಇಲ್ಲ ಅಂತ ಆದರೆ? ಮದ್ದು ಗೆದ್ದರೆ ನಿನಗೆ ಒಳ್ಳೆಯದಲ್ವಾ?"

"ಗೆಲ್ಲುವುದು ಸೋಲುವುದು ಕೋಳಿಅಂಕದಲ್ಲಿ ಅಜ್ಜಿ, ಇದರಲ್ಲಲ್ಲ. ನಾಳೆ ಡಾಕ್ಟರಿಗೆ ಎಲ್ಲ ಹೇಳ್ತೇನೆ."

ಸುಂದರ ತಟ್ಟೆ ಸರಿಸಿದ. "ಮರ್ಲಾ ನಿನಗೆ, ಹುಚ್ಚಾ? ಅಮ್ಮ ಮಾಡಿದ್ದು ನಿನಗಾಗಿ. ಹೇಳಿದರೆ ಕೆಲಸ ಹೋಯ್ತು, ಬ್ಯಾಂಕು ಮೊದಲೇ ಹೋಗಿದೆ, ಅಮ್ಮನ ಮಾನವೂ ಹೋಗ್ತದೆ. ಬಾಯಿ ಮುಚ್ಚಿ ಕೂತುಕೋ, ಯಾರಿಗೂ ನಷ್ಟ ಇಲ್ಲ."

"ಇದೆ ಮಾವ. ನಾಳೆ ಎಲ್ಲಿಯೋ ಒಬ್ಬ ಅಜ್ಜಿ ಈ ಗುಳಿಗೆ ನುಂಗ್ತಾರೆ, ನೋವು ಹೋಗುವುದಿಲ್ಲ. ಎಲ್ಲರಿಗೂ ಹೋಗಿದೆಯಂತೆ, ನನಗೆ ಮಾತ್ರ ಇಲ್ಲ, ನನ್ನದೇ ಕರ್ಮ ಅಂತ ಸುಮ್ಮನೆ ಕೂರ್ತಾರೆ. ನಮ್ಮ ಅಜ್ಜಿಯ ಹಾಗೆಯೇ."

ಅದುವರೆಗೆ ಬಡಿಸುತ್ತ ನಿಂತಿದ್ದ ಆಶಾಲತಾ ಸೌಟನ್ನು ಪಾತ್ರೆಗೆ ಬಡಿದಳು. "ಹೇಳಲಿ ಅಣ್ಣ. ಮದ್ದು ಶುರುವಾದ ಮೇಲೆ ಅಮ್ಮ ಒಂದೊಂದೇ ಕೆಲಸ ನನ್ನ ಕೈಗೆ ಹಾಕಿದ್ದಾರೆ. ಗುಣ ಆದವರು ಹಾಗೆ ಮಾಡ್ತಾರಾ? ಈಗ ಕಾಯಿ ತುರಿಯುವುದು ನಾನು. ನಮ್ಮ ಅಮ್ಮನ ಕಾಲು ಹೇಗುಂಟು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಒಂದು ಸಲವಾದರೂ ಕೇಳಿದ್ದೀರಾ?"

"ಕೇಳಿದರೆ ಪರ್ವಾ ಇಜ್ಜಿ ಅಂತಾರಲ್ಲ."

"ಅದು ನಮಗೆ ಸಸಾರವೇ ಆಯ್ತು."

ಉಮಾವತಿಯಮ್ಮ ಮುಖ ತಿರುಗಿಸಿ, "ನನ್ನನ್ನು ಸುಳ್ಳಿ ಮಾಡಿದಿರಿ ಎಲ್ಲರೂ ಸೇರಿ" ಎಂದು ಗಂಜಿಯನ್ನು ಅರ್ಧದಲ್ಲೇ ಬಿಟ್ಟರು. ಆ ಮನೆಯಲ್ಲಿ ಅವರು ಅನ್ನ ಬಿಟ್ಟು ಎದ್ದದ್ದು ಅದೇ ಮೊದಲು. ಬೆಕ್ಕಿಗೆ ಬೈಯಲಿಲ್ಲ. ಎದ್ದಾಗ ಬಾಯಿಂದ ಬಂದ ಸ್ವರ ಎಲ್ಲರಿಗೂ ಕೇಳಿತು.

ಮರುದಿನ ಡಾಕ್ಟರ್ ಪಿಯುಸ್ ಅವಳು ಹೇಳಿದ್ದನ್ನು ಪೂರ್ತಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪ್ರಶ್ನೆಗಳನ್ನು ಮನೆಯಲ್ಲಿ ಹೇಳಬಾರದಿತ್ತು."

"ಹೌದು ಸರ್. ತಪ್ಪು ನನ್ನದೇ."

"ಅಜ್ಜಿಯನ್ನು ತೆಗೆಯಬೇಕಾಗ್ತದೆ. ಆ ಬೆಂಚಿನಲ್ಲಿ ಕೂತವರದ್ದು ಯಾವುದನ್ನೂ ಹಾಗೇ ನಂಬಲಿಕ್ಕಾಗುವುದಿಲ್ಲ. ಆದದ್ದನ್ನು ಕಂಪೆನಿಯವರಿಗೆ ಹೇಳಬೇಕು. ನೀವು ಸದ್ಯ ಮನೆಯಲ್ಲಿರಿ. ಹೇಳಿ ಕಳಿಸ್ತೇನೆ."

ವಿನೋದಾ ಮನೆಯಲ್ಲಿ ಕೂತಳು. ಬಟ್ಟೆ ಒಗೆದಳು, ಅಂಗಳ ಗುಡಿಸಿದಳು, ಅಕ್ಕಿಯ ಕಲ್ಲು ಆರಿಸಿದಳು. ಸುಂದರ ‘ನಾನು ಹೇಳಿರಲಿಲ್ಲವಾ’ ಎನ್ನುವ ಮಾತನ್ನು ದಿನಾ ಬಾಯಿಯವರೆಗೆ ತಂದು ನುಂಗಿಕೊಂಡ. ಅವಳ ಮುಖ ನೋಡಿದರೆ ಆಡಲು ಮನಸ್ಸು ಬರುತ್ತಿರಲಿಲ್ಲ. ಸಂಜೆ ಹೋಟೆಲಿನಿಂದ ಅವಳಿಗೆ ಇಷ್ಟದ ಗೋಳಿಬಜೆ ಕಟ್ಟಿಸಿ ತರುತ್ತಿದ್ದ. ಅಜ್ಜಿ ಯಾರೊಡನೆಯೂ ಮಾತಾಡಲಿಲ್ಲ.

ಆಸ್ಪತ್ರೆಯಿಂದ ಸುದ್ದಿ ಬರಲಿಲ್ಲ. ಒಂದು ಬೆಳಿಗ್ಗೆ ಉಮಾವತಿಯಮ್ಮ ಸೀರೆ ಬದಲಿಸಿ ಜಗಲಿಗೆ ಬಂದರು.

"ಸುಂದರ, ಆಟೋ ಕರೆಸು."

"ಎಲ್ಲಿಗಮ್ಮ?"

"ಆಸ್ಪತ್ರೆಗೆ. ನೀನೂ ಬಾ. ಆಶಾ, ನೀನೂ. ಈ ಹುಡುಗಿಯೂ ಬರಲಿ. ದಾರಿಯಲ್ಲಿ ಬೀಫಾತಿಮ್ಮನನ್ನೂ ಹತ್ತಿಸಿಕೊಳ್ಳುವ."

"ಆಟೋದಲ್ಲಿ ಇಷ್ಟು ಜನ ಹಿಡೀತದಾ?"

"ಎರಡು ಕರೆಸು. ಹೋಟೆಲು ಉಂಟಲ್ಲ ನಿನಗೆ."

ಡಾಕ್ಟರರ ಕೋಣೆಯಲ್ಲಿ ಅಷ್ಟೂ ಜನ ತುಂಬಿದರು. ಡಾಕ್ಟರ್ ಪಿಯುಸ್ ಎದ್ದು ನಿಂತು ಅಜ್ಜಿಗೆ ತಮ್ಮ ಕುರ್ಚಿಯನ್ನೇ ಕೊಟ್ಟರು.

"ಹೇಳಿ ಅಮ್ಮ. ಗಂಟು ಹೇಗುಂಟು?"

"ಪರ್ವಾ..." ಎಂದರು ಉಮಾವತಿಯಮ್ಮ. ಅಭ್ಯಾಸದ ನಾಲಿಗೆ. ಅಲ್ಲೇ ನಿಂತಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಬೇನೆ ಉಂಡು," ಎಂದರು. ನೋವುಂಟು. ಮತ್ತೆ ತುಳುವಿನಲ್ಲೇ ಇನ್ನಷ್ಟು ಗಟ್ಟಿಯಾಗಿ, "ಮಸ್ತ್ ಬೇನೆ ಉಂಡು. ಕೂರಲಿಕ್ಕೂ, ಏಳಲಿಕ್ಕೂ. ನಿಮ್ಮ ಗುಳಿಗೆಯಿಂದ ಎಂತದೂ ಆಗಲಿಲ್ಲ ಡಾಕ್ಟ್ರೆ. ಇವಳ ಅಜ್ಜ ತೀರಿಕೊಂಡ ವರ್ಷದಿಂದಲೂ ಬೇನೆ ಉಂಟು. ಯಾರಿಗೂ ಹೇಳಿರಲಿಲ್ಲ."

ಆಶಾಲತಾ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಸುಂದರ ನೆಲ ನೋಡಿದ. ಐವತ್ತರ ಗಂಡಸು, ತನ್ನ ತಾಯಿಯ ಬಾಯಿಂದ ಆ ಮಾತನ್ನು ಮೊದಲ ಸಲ ಕೇಳುತ್ತಿದ್ದ.

"ನನಗೆ ಕಡಿಮೆ ಆದದ್ದು ನಿಜ," ಎಂದು ಬೀಫಾತಿಮ್ಮ ಹಿಂದಿನಿಂದ ಸ್ವರ ಎತ್ತಿದರು. "ಆದರೆ ಕಾಯಿ ಸೊಸೆಯೇ ತುರಿಯುವುದು. ಅದೊಂದು ಸುಳ್ಳು."

ಎಸ್ತೆರ್ ಪೆನ್ನು ಎತ್ತಿಕೊಂಡರು. ಡಾಕ್ಟರ್ ಪಿಯುಸ್ ಕೈ ನೀಡಿ ಆ ಪೆನ್ನು ತೆಗೆದುಕೊಂಡು ವಿನೋದಾಳ ಮುಂದೆ ಹಿಡಿದರು.

"ಅಜ್ಜಿಯನ್ನು ಪರೀಕ್ಷೆಯಿಂದ ತೆಗೆದಾಯ್ತು. ಇನ್ನು ಅವರು ಹೇಳಿದ್ದನ್ನು ನೀವೇ ಬರೆಯಬಹುದು. ಅವರ ಗಂಟಿಗೆ ಸರಿಯಾದ ಮದ್ದು ನಾನು ನೋಡ್ತೇನೆ. ಉಳಿದವರನ್ನೆಲ್ಲ ಮೊದಲಿನಿಂದ ಕೇಳಬೇಕು, ನಾಳೆಯಿಂದಲೇ." ಮತ್ತೆ ಸೇರಿಸಿದರು, "ಕಂಪೆನಿಯವರು ನಿನ್ನೆ ಬಂದಿದ್ದರು, ಎಲ್ಲ ಹೇಳಿದೆ. ಕೆಲಸ ಹೋಗುವ ಸಂಗತಿಯನ್ನು ತಾನೇ ಬಂದು ಹೇಳಿದ ಹುಡುಗಿ ಮುಂದಿನ ಕೆಲಸಕ್ಕೂ ಇರಲಿ ಅಂದರು. ಈಗ ನಿಮಗೆ ಅನುಭವ ಉಂಟಲ್ಲ."

ವಿನೋದಾಳಿಗೆ ಅಳುವೇ ಬಂತು. ಆದರೆ ಅಜ್ಜಿ, "ಬರೆಯಿ, ಮರೆತುಹೋದೀತು" ಎಂದದ್ದರಿಂದ ಅಳುತ್ತಲೇ ಬರೆದಳು.

ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಒಂದು ಸೋಜಿಗ ನಡೆಯಿತು. ಹೋಟೆಲಿನಲ್ಲಿ ದಿನಕ್ಕೆ ರಾಶಿ ಕಾಯಿ ತುರಿಸುವ ಸುಂದರ ಮನೆಯಲ್ಲಿ ಒಂದನ್ನೂ ತುರಿದವನಲ್ಲ. ಅಂದು ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ಬಂದು ತುರಿಮಣೆಯ ಮೇಲೆ ಕೂತ. ಆಶಾಲತಾ ದಂಗಾಗಿ ನಿಂತಳು. ಅಜ್ಜಿ ಕುರ್ಚಿಯಲ್ಲಿ ಕೂತು ನೋಡಿದರು. ಅರ್ಧ ತುರಿ ನೆಲಕ್ಕೆ ಬಿತ್ತು, ಉಳಿದದ್ದು ಹೇಗೋ ಪಾತ್ರೆ ಸೇರಿತು. ಕೊನೆಗೆ ಅವನು ಗೋಡೆಗೆ ಕೈ ಊರಿ, ಹಲ್ಲು ಕಚ್ಚಿ, ನಿಧಾನಕ್ಕೆ ಎದ್ದ.

ಆಸ್ಪತ್ರೆಗೆ ಹೊರಟು ನಿಂತಿದ್ದ ವಿನೋದಾ ಬಾಗಿಲಿನಿಂದಲೇ ಕೇಳಿದಳು.

"ಎಂತ ಮಾವ, ನೋವುಂಟಾ?"

"ಪರ್ವಾ ಇಜ್ಜಿ," ಎಂದ ಸುಂದರ.